ಪೀಠದ ಬಟ್ಟೆ ತುಳಿದವರು

ಕೊರಿಯಾದ ಸಾಲ್ಗೊಲ್ ಊರಿನ ಇಗರ್ಜಿಯಲ್ಲಿ ಯಾರಿಗಾದರೂ ಸನ್ಮಾನದ ಫಲಕ ಕೊಟ್ಟರೆಂದರೆ ಅವರ ಕೆಲಸ ಹೋಯಿತೆಂದೇ ಅರ್ಥ. ಗಂಟೆ ಬಾರಿಸುತ್ತಿದ್ದ ಮುದುಕ ಮತಿಯಾಸನಿಗೆ ಫಲಕ ಕೊಟ್ಟರು. ಮರುವಾರವೇ ಗಂಟೆಗೆ ಮೋಟಾರು ಬಂತು. ಮೂವತ್ತು ವರ್ಷ ಹಾರ್ಮೋನಿಯಂ ನುಡಿಸಿದ ಸಿಸಿಲಿಯಾ ಟೀಚರಿಗೆ ಕೊಟ್ಟರು. ಆಕೆ ಈಗ ಮೂರನೆಯ ಸಾಲಿನಲ್ಲಿ ಕೂತು, ಹಾಡು ಶುರುವಾದಾಗಲೆಲ್ಲ ಮಡಿಲಲ್ಲೇ ಬೆರಳಾಡಿಸುತ್ತಾರೆ. ಫಲಕವೇನೋ ಚೆನ್ನಾಗಿಯೇ ಇರುತ್ತದೆ. ಕಪ್ಪು ಅರಗಿನ ಮೆರುಗು, ಅದರೊಳಗೆ ಚಿಪ್ಪಿನ ಅಕ್ಷರ. ಗೋಡೆಗೆ ತೂಗುಹಾಕಿ ಧೂಳು ಒರೆಸುತ್ತಾ ಕೂರಬಹುದು.

ಆದ್ದರಿಂದ ಫೆಬ್ರವರಿಯ ಮೊದಲ ಭಾನುವಾರ, ಪೂಜೆ ಮುಗಿದ ಮೇಲೆ, ಪೀಠಸೇವಾ ಸಂಘದ ಹೊಸ ಅಧ್ಯಕ್ಷೆ ಬೆನೆದಿಕ್ತ ಬಂದು ಪೀಠದ ಬಟ್ಟೆ ಒಗೆಯುವ ಗೊಲುಂಬಾಜ್ಜಿಯ ಎರಡೂ ಕೈ ಹಿಡಿದುಕೊಂಡು, "ಅಜ್ಜಿ, ತಿಂಗಳ ಕೊನೆಗೆ ಬಿಷಪ್ಪನವರು ಬರ್ತಾರಲ್ಲ, ಅವತ್ತು ಅವರ ಕೈಯಿಂದಲೇ ನಿಮಗೆ ಫಲಕ!" ಎಂದಾಗ ಅಜ್ಜಿ ಕೈ ಬಿಡಿಸಿಕೊಂಡಳು.

"ಯಾಕಮ್ಮಾ? ನಾನೇನು ತಪ್ಪು ಮಾಡಿದೆ?"

"ಅಯ್ಯೋ, ತಪ್ಪಲ್ಲ ಅಜ್ಜಿ, ಸನ್ಮಾನ! ಮೂವತ್ತೊಂದು ವರ್ಷ ಒಗೆದಿದ್ದೀರಿ, ಗಂಜಿ ಹಾಕಿದ್ದೀರಿ. ಇನ್ನು ಕೈಕಾಲು ನೀಡಿ ಆರಾಮಾಗಿರಿ. ಹೊಸ ಪೀಠದ ಬಟ್ಟೆ ತರಿಸಿದ್ದೀನಿ. ರಾಜಧಾನಿಯಿಂದ! ಪಾಲಿಯೆಸ್ಟರ್. ಒಗೆದು ಒದರಿದ್ರೆ ಸಾಕು, ಇಸ್ತ್ರಿಯೂ ಬೇಡ. ಅಂಚಿಗೆ ದ್ರಾಕ್ಷಿಗೊಂಚಲು ಬೇರೆ ಇದೆ."

"ಆರಾಮಾಗಿ ಏನು ಮಾಡ್ಲಿ?"

ಬೆನೆದಿಕ್ತ ನೋಟುಪುಸ್ತಕದಲ್ಲಿ ಅಜ್ಜಿಯ ಹೆಸರಿನ ಮುಂದೆ ಗುರುತು ಹಾಕಿಕೊಂಡು ಹೊರಟಳು. ಆಕೆ ದೇಜಾನ್ ನಗರದಿಂದ ಬಂದು ಎರಡು ವರ್ಷವಾಗಿತ್ತು. ಗಂಡನದು ಬಸ್ ನಿಲ್ದಾಣದ ಎದುರು ಔಷಧಿ ಅಂಗಡಿ. ನಲವತ್ತೇಳರ ಹೆಂಗಸು, ಗಟ್ಟಿಮುಟ್ಟಾದ ಆಳು, ಗಟ್ಟಿ ದನಿ. ಆಕೆ ನಡೆದು ಬಂದರೆ ಮಂಡಿಯೂರುವ ಹಲಗೆಗಳು ತಾವಾಗಿಯೇ ಸಾಲಿಗೆ ನಿಲ್ಲುತ್ತವೆ ಎಂದು ಜನ ನಗುತ್ತಿದ್ದರು. ಕೆಟ್ಟವಳಲ್ಲ. ಮುದುಕಿಯೊಬ್ಬಳು ಚಳಿಯಲ್ಲಿ ಬಟ್ಟೆ ಹಿಂಡುವುದು ಆಕೆಗೆ ನಿಜವಾಗಿಯೂ ನೋಡಲಾಗುತ್ತಿರಲಿಲ್ಲ.

ಗೊಲುಂಬಾಜ್ಜಿ ಇಗರ್ಜಿಯ ಹಿಂದಿನ ಗೋಡೆಗೆ ಅಂಟಿಕೊಂಡ ಒಂದೇ ಕೋಣೆಯ ಮನೆಯಲ್ಲಿದ್ದಳು. ಯುದ್ಧ ಮುಗಿದ ವರ್ಷ, ಗಂಡನಿಲ್ಲದೆ ಬಂದವಳಿಗೆ ಆಗಿದ್ದ ಬಿಳಿಗಡ್ಡದ ವಿದೇಶಿ ಗುರುಗಳು ಈ ಕೆಲಸ ಕೊಟ್ಟಿದ್ದರು. ಬಲಿಪೀಠಕ್ಕೆ ನಾರುಬಟ್ಟೆಯೇ ಆಗಬೇಕೆಂದು ಅವರ ಪಟ್ಟು. ಅವರ ದೇಶದ ಅಗಸೆನಾರು ಕೊರಿಯಾದಲ್ಲಿ ಎಲ್ಲಿಂದ ಬರಬೇಕು? ಈ ಊರಿನ ಹೆಂಗಸರು ತೊಡೆಯ ಮೇಲೆ ಹೊಸೆದು ನೆಯ್ಯುವ ರಾಮಿ ಎಂಬ ಗಿಡದ ನಾರಿನ ಬಟ್ಟೆಯನ್ನು ತೋರಿಸಿದಾಗ ಅವರು ಬೆಳಕಿಗೆ ಹಿಡಿದು ನೋಡಿ, "ಇದು ಸ್ವರ್ಗದಲ್ಲೂ ನಡೆಯುತ್ತದೆ" ಎಂದಿದ್ದರಂತೆ.

ಅಂದಿನಿಂದ ವಾರವೂ ಒಂದೇ ಕ್ರಮ. ಕ್ರಿಸ್ತನ ದೇಹವೆಂದು ನಂಬುವ ಪವಿತ್ರ ರೊಟ್ಟಿಯ ಕಣ ಬಿದ್ದಿರಬಹುದಾದ ಚಿಕ್ಕ ಬಟ್ಟೆಗಳ ಮೊದಲ ನೀರು ಮೋರಿಗೆ ಹೋಗಬಾರದು. ಅದನ್ನು ಅಂಗಳದ ಪರ್ಸಿಮನ್ ಮರದ ಬುಡಕ್ಕೆ ಸುರಿಯಬೇಕು. ಆ ಮರದ ಹಣ್ಣನ್ನು ತಿನ್ನಬೇಕೋ ಮಂಡಿಯೂರಿ ನಮಸ್ಕರಿಸಬೇಕೋ ಎಂಬುದು ಊರಿನ ಹಳೇ ತಮಾಷೆ. ಆಮೇಲೆ ಅನ್ನದ ಗಂಜಿ. ಅರ್ಧ ಒಣಗಿದ ಬಟ್ಟೆಯ ಎರಡು ತುದಿ ಇಬ್ಬರು ಹಿಡಿದು ಎಳೆಯಬೇಕು. ಮಡಿಚಿ, ಶುಭ್ರವಾದ ಹಾಸಿನಲ್ಲಿ ಸುತ್ತಿ, ಕೆಳಗಿನಿಂದ ಒಲೆಯ ಕಾವು ಹರಿಯುವ ಬೆಚ್ಚಗಿನ ನೆಲದ ಮೇಲಿಟ್ಟು ಹದವಾಗಿ ತುಳಿಯಬೇಕು. ತುಳಿದ ಮೇಲೆ ಕಲ್ಲಿನ ಮೇಲಿಟ್ಟು ಕೋಲಿನಿಂದ ಬಡಿದರೆ ಬರುವ ನುಣುಪು ಯಾವ ಇಸ್ತ್ರಿಗೂ ಬಾರದು.

ಮೂವತ್ತು ವರ್ಷ ಇನ್ನೊಂದು ತುದಿ ಹಿಡಿದಿದ್ದವಳು ಜೂಲಿಯಾನ. ಕಳೆದ ಶರತ್ಕಾಲದಲ್ಲಿ ಆಕೆ ತೀರಿಕೊಂಡಳು. ಈಗ ಅಜ್ಜಿ ಆ ತುದಿಯನ್ನು ಬಾಗಿಲ ಕಂಬಕ್ಕೆ ಕಟ್ಟಿ ಎಳೆಯುತ್ತಿದ್ದಳು. ಕಂಬ ಎಳೆಯುವುದೇನೋ ಚೆನ್ನಾಗಿಯೇ ಎಳೆಯುತ್ತಿತ್ತು; ಆದರೆ ಜೂಲಿಯಾನಳ ಹಾಗೆ ನಡುವೆ ಸೊಸೆಯನ್ನು ಬೈಯುತ್ತಿರಲಿಲ್ಲ, ಹೊತ್ತು ಹೋಗುತ್ತಿರಲಿಲ್ಲ.

ಮಂಗಳವಾರ ಮಧ್ಯಾಹ್ನ ಅಜ್ಜಿ ಬಟ್ಟೆ ತುಳಿಯುತ್ತಿದ್ದಳು. ಬಿಸಿನೀರಿನಲ್ಲಿ ಕಾಲು ತೊಳೆದು, ಅದಕ್ಕೆಂದೇ ಇಟ್ಟುಕೊಂಡ ಬಿಳಿ ಕಾಲುಚೀಲ ಹಾಕಿದ್ದಳು. ಬೆನ್ನಿಗೆ, ಮಗು ಕಟ್ಟುವ ಹಚ್ಚಡದಲ್ಲಿ, ಒಂದು ಗಂಟು. ಒಂದು ಮೂಲೆ ಒಣಗಿದಂತೆ ಕಂಡಿತೆಂದು ಇಳಿದು, ಹಾಸು ಬಿಚ್ಚಿ, ನೀರು ಚಿಮುಕಿಸಲು ಬಾಯಿತುಂಬ ನೀರು ತುಂಬಿಕೊಂಡಿದ್ದಾಗ ಬಾಗಿಲು ಸರಿಯಿತು.

"ಅಜ್ಜೀ! ಅದು ಪೀಠದ ಬಟ್ಟೆಯಲ್ವಾ?"

ಅಜ್ಜಿ ಬೆಚ್ಚಿ ತಿರುಗಿದಳು. ಮೂವತ್ತೊಂದು ವರ್ಷದ ಅಭ್ಯಾಸ; ಮಂಜಿನಂತೆ ಸಣ್ಣಗೆ, ಸಮನಾಗಿ, ಒಂದು ಹನಿಯೂ ದಪ್ಪವಾಗದಂತೆ ಆ ನೀರು ಬೆನೆದಿಕ್ತಳ ಹೊಸ ಕೋಟಿನ ಮೇಲೆ ಬಿತ್ತು.

"ಉಗುಳಿದ್ರಾ!"

"ಉಗುಳೋದಲ್ಲ ಕಣಮ್ಮ, ಚಿಮುಕಿಸೋದು."

"ಪೀಠದ ಬಟ್ಟೆ ಮೇಲೆ? ಬಾಯಿಂದ? ಮತ್ತೆ ಈಗ, ನಾನು ಕಿಟಕಿಯಿಂದ ನೋಡಿದೆ, ನೀವು ಅದರ ಮೇಲೆ ನಿಂತಿದ್ರಿ!"

"ಬರೀ ನಿಂತ್ರೆ ಸುಕ್ಕು ಹೋಗುತ್ತಾ? ತುಳೀತಿದ್ದೆ."

ಬೆನೆದಿಕ್ತ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡಳು. ಆಮೇಲೆ ಬೆನ್ನಿನ ಗಂಟು ಕಣ್ಣಿಗೆ ಬಿತ್ತು. ದನಿ ತಾನಾಗಿಯೇ ಮೆತ್ತಗಾಯಿತು. "ಯಾರ ಮಗು ಅಜ್ಜಿ? ಮಲಗಿದೆಯಾ?"

"ಮಗುವಲ್ಲ. ಅರ್ಧ ಮೂಟೆ ಬಾರ್ಲಿ."

ಬಾರ್ಲಿ ಬೆನ್ನಿಗೇಕೆ ಬಂತೆಂದು ಅಜ್ಜಿ ಹೇಳಲಿಲ್ಲ. ಬೆನೆದಿಕ್ತಳೂ ಕೇಳಲಿಲ್ಲ, ಅಷ್ಟು ಹೊತ್ತಿಗೆ ಆಕೆ ಫಾದರ್ ತಾಕ್ ಅವರ ಬಾಗಿಲು ಬಡಿಯುತ್ತಿದ್ದಳು.

ಫಾದರ್ ತಾಕ್ ಮೂವತ್ತೆರಡು ವರ್ಷದ ಸಣಕಲು ಮನುಷ್ಯ. ಸೈತಾನನಿಗೂ ಅಷ್ಟು ಹೆದರದ ಅವರು ಸಂಘದ ಹೆಂಗಸರಿಗೆ ಹೆದರುತ್ತಿದ್ದರು. ಸಂಜೆ ಇಬ್ಬರನ್ನೂ ಕೂರಿಸಿಕೊಂಡು ಮೂರು ದಪ್ಪ ಪುಸ್ತಕ ತಿರುವಿಹಾಕಿದರು.

"ಒಗೆಯೋದರ ಬಗ್ಗೆ ಇದೆ, ಮಡಿಚೋದರ ಬಗ್ಗೆ ಇದೆ. ಪಾದದ ಬಗ್ಗೆ ಏನೂ ಇಲ್ಲ" ಎಂದರು.

"ಇಲ್ಲ ಅಂದ್ರೆ ಮಾಡಬಾರದು ಅಂತ ತಾನೇ ಫಾದರ್?" ಎಂದಳು ಬೆನೆದಿಕ್ತ.

"ಬೇಡ ಅಂತಲೂ ಬರೆದಿಲ್ಲವಲ್ಲ ಸ್ವಾಮಿ" ಎಂದಳು ಅಜ್ಜಿ.

ಫಾದರ್ ಕನ್ನಡಕ ತೆಗೆದು ಒರೆಸಿದರು. ಅದು ಸ್ವಚ್ಛವಾಗಿಯೇ ಇತ್ತು. ಹಾವೂ ಸಾಯದ, ಕೋಲೂ ಮುರಿಯದ ತೀರ್ಪು ಕೊನೆಗೆ ಹೊರಬಿತ್ತು. ಬರುವ ಭಾನುವಾರ ಹೊಸ ಬಟ್ಟೆ ಹಾಕಿ ನೋಡೋಣ. ಬಿಷಪ್ಪರ ದಿನಕ್ಕೆ ಯಾವುದೆಂದು ಆಮೇಲೆ ತೀರ್ಮಾನಿಸೋಣ. ಫಲಕ ಮಾತ್ರ ಇದ್ದೇ ಇದೆ. ಕಾರ್ಯಕ್ರಮದ ಪಟ್ಟಿ ಅಚ್ಚಾಗಿದೆ.

ಆ ಭಾನುವಾರ ತುಂಬ ಒಣಚಳಿ. ಹೊಸ ಬಟ್ಟೆ ಪೀಠದ ಮೇಲೆ ಥಳಥಳನೆ ಹೊಳೆಯಿತು. ದ್ರಾಕ್ಷಿಗೊಂಚಲು ನಿಜಕ್ಕೂ ಚೆನ್ನಾಗಿತ್ತು, ಅಜ್ಜಿಯೇ ಒಪ್ಪಿಕೊಂಡಳು. ಪರಮಪ್ರಸಾದ ಹಂಚುವವರೆಗೂ ಎಲ್ಲ ಸುಸೂತ್ರ. ಆಮೇಲೆ ಫಾದರ್ ಪಾನಪಾತ್ರೆ ಒರೆಸುವ ಚಿಕ್ಕ ಬಟ್ಟೆಯನ್ನು ಮುಟ್ಟಿದರು. ಚಟ್ ಎಂದು ಕಿಡಿ ಹಾರಿ ಬೆರಳು ಹಿಂದಕ್ಕೆ ಬಂತು. ಅದೂ ಪಾಲಿಯೆಸ್ಟರೇ. ಒರೆಸಿದರೆ ಹನಿಗಳು ಹೀರಿಕೊಳ್ಳುವ ಬದಲು ಪಾತ್ರೆಯ ತುಂಬ ಒಂದನ್ನೊಂದು ಅಟ್ಟಿಸಿಕೊಂಡು ಓಡಿದವು. ಆಮೇಲೆ ಅದು ಫಾದರರ ಅಂಗಿಯ ತೋಳಿಗೆ ಅಂಟಿಕೊಂಡಿತು. ಅವರು ಕೊಡವಿದರು, ಮೊಣಕೈಗೆ ಹೋಯಿತು. ಎಡಗೈಯಿಂದ ಕಿತ್ತರು, ಎಡತೋಳಿಗೆ ಬಂತು. ಕೊನೆಗೆ ಅದನ್ನು ಅಲ್ಲೇ ಬಿಟ್ಟು, ಎರಡೂ ಕೈ ಚಾಚಿ, "ಪ್ರಭು ನಿಮ್ಮೊಂದಿಗಿರಲಿ" ಎಂದರು. ತೋಳಿನಿಂದ ಬಟ್ಟೆ ಬಾವುಟದಂತೆ ತೂಗುತ್ತಿತ್ತು. "ನಿಮ್ಮೊಂದಿಗೂ ಇರಲಿ" ಎಂದು ಇನ್ನೂರು ಜನ ತುಟಿ ಕಚ್ಚಿಕೊಂಡು ಉತ್ತರಿಸಿದರು. ಮತಿಯಾಸ ಮಾತ್ರ ಕೆಮ್ಮಿನ ನೆಪದಲ್ಲಿ ಹೊರಗೆ ಹೋದ.

ಎಲ್ಲರೂ ನಕ್ಕರೂ ಗೊಲುಂಬಾಜ್ಜಿಗೆ ನಗು ಬರಲಿಲ್ಲ. ಆಕೆಯ ಕಣ್ಣು ಪುಸ್ತಕದ ಹಲಗೆಯ ಮೇಲೆ ನೆಟ್ಟಿತ್ತು. ಪೂಜಾಪುಸ್ತಕ ಇಡುವ ಆ ಮರದ ಹಲಗೆ ಇಂದು ಫಾದರರ ಎದುರಿಗೇ, ನಡುವೆಯೇ ಇತ್ತು. ಶರತ್ಕಾಲದಿಂದ ಅದು ಪೀಠದ ಎಡತುದಿಯಲ್ಲಿರುತ್ತಿತ್ತು. ಪಾಪ, ಫಾದರ್ ಕೊಕ್ಕರೆಯ ಹಾಗೆ ಕತ್ತು ಚಾಚಿ ಓದುತ್ತಿದ್ದರು. ಕತ್ತು ಹಿಡಿದುಕೊಂಡಿದೆಯೆಂದು ಕೇಳಿ ಅಜ್ಜಿಯೇ ಡಿಸೆಂಬರಿನಲ್ಲಿ ನೋವಿಗೆ ಅಂಟಿಸಿಕೊಳ್ಳುವ ಮೆಣಸಿನ ಪಟ್ಟಿ ತಂದುಕೊಟ್ಟಿದ್ದಳು. ಅವರು ಕಣ್ಣಲ್ಲಿ ನೀರು ಬರುವಷ್ಟು ಉರಿಯುವ ಆ ಪಟ್ಟಿ ಹಚ್ಚಿಕೊಂಡು, ಬಹಳ ಉಪಕಾರವಾಯಿತು ಅಜ್ಜಿ ಎಂದಿದ್ದರು.

ಎಡತುದಿ. ಅಜ್ಜಿಗೆ ಗೊತ್ತಿತ್ತು ಅಲ್ಲಿ ಏನಿತ್ತೆಂದು. ಜೂಲಿಯಾನ ಹೋದ ಮೇಲೆ ತುಳಿದ ಪ್ರತಿ ಬಟ್ಟೆಯ ಎಡತುದಿಯಲ್ಲೂ ಕೋಳಿಯ ಕಾಲಿನಂಥ ಸುಕ್ಕು ಉಳಿದುಬಿಡುತ್ತಿತ್ತು. ಯಾರಿಗೂ ಕಾಣುವುದಿಲ್ಲ ಎಂದುಕೊಂಡಿದ್ದಳು. ಕಾಣುತ್ತಿರಲಿಲ್ಲ, ನಿಜ. ಐದು ತಿಂಗಳು ಒಬ್ಬ ಮನುಷ್ಯ ಕತ್ತು ಸೊಟ್ಟ ಮಾಡಿಕೊಂಡು ಅದರ ಮೇಲೆ ಪುಸ್ತಕವಿಟ್ಟು ಮುಚ್ಚಿದ್ದ.

ಪೂಜೆ ಮುಗಿದ ಮೇಲೆ ಫಾದರ್ ತಾವೇ ಬಂದು, "ಅಜ್ಜಿ, ಬಿಷಪ್ಪರ ದಿನಕ್ಕೆ ನಮ್ಮ ಹಳೇ ನಾರುಬಟ್ಟೆಯೇ ಆಗಲಿ. ದಯವಿಟ್ಟು" ಎಂದರು. ತೋಳನ್ನು ಇನ್ನೂ ನೀವಿಕೊಳ್ಳುತ್ತಿದ್ದರು.

ಗೆದ್ದೆನೆಂದು ಅಜ್ಜಿಗೆ ಅನಿಸಲಿಲ್ಲ. ಹಬ್ಬದ ದೊಡ್ಡ ಬಟ್ಟೆ ಎಂಟು ಮೊಳ. ಬಿಷಪ್ಪರು ಸ್ವಂತ ಪುಸ್ತಕ ತಂದು ನಡುವೆಯೇ ಇಡುತ್ತಾರೆ. ಸುಕ್ಕು ಉಳಿದರೆ, ಫಲಕ ಕೊಟ್ಟದ್ದು ಸರಿಯೇ ಆಯಿತೆಂದು ಇಡೀ ಊರು ಅಂದುಕೊಳ್ಳುತ್ತದೆ. ಅದಕ್ಕಿಂತ ಹೆಚ್ಚಾಗಿ, ಹಾಗೆಂದು ತಾನೇ ಅಂದುಕೊಳ್ಳಬೇಕಾಗುತ್ತದೆ.

ಬಿಷಪ್ಪರು ಬರುವ ವಾರದ ಗುರುವಾರ ಬೆಳಗ್ಗೆ ಆಕೆ ಮೂಟೆಯ ಉಳಿದ ಬಾರ್ಲಿಯನ್ನೂ ಹಚ್ಚಡಕ್ಕೆ ಸುರಿದಳು. ಒಟ್ಟು ಇಪ್ಪತ್ತು ಕಿಲೋ. ನೆಲದ ಮೇಲೆ ಕೂತು, ಬೆನ್ನಾನಿಸಿ, ಎದೆಯ ಮೇಲೆ ಮೂರು ಗಂಟು ಬಿಗಿದು, ಪಕ್ಕದ ಪೆಟ್ಟಿಗೆಯ ಆಸರೆ ಹಿಡಿದು ಎದ್ದಳು. ಎದ್ದದ್ದೇ ಒಂದು ಪವಾಡ. ಸುತ್ತಿಟ್ಟ ಬಟ್ಟೆಯ ಮೇಲೆ ಒಂದು ಹೆಜ್ಜೆ, ಎರಡು ಹೆಜ್ಜೆ, ಮೂರು. ನಾಲ್ಕನೆಯದಕ್ಕೆ ಬಾರ್ಲಿ ಹಿಂದಕ್ಕೆ ಎಳೆಯಿತು. ಅಜ್ಜಿ ನಿಧಾನವಾಗಿ, ಯಾರೋ ಕೈಹಿಡಿದು ಮಲಗಿಸಿದಂತೆ, ಮೂಟೆಯ ಮೇಲೆ ಅಂಗಾತ ಬಿದ್ದಳು.

ನೋವೇನೂ ಆಗಲಿಲ್ಲ. ಬಾರ್ಲಿ ಮೆತ್ತಗೇ ಇತ್ತು. ಆದರೆ ಏಳಲಾಗಲಿಲ್ಲ. ಗಂಟು ಬಿಗಿದುಕೊಂಡಿತ್ತು, ಕೈಗೆ ನೆಲ ಎಟುಕುತ್ತಿರಲಿಲ್ಲ, ಕಾಲು ಮೇಲೆ. ಬೆನ್ನಮೇಲೆ ಮಗುಚಿದ ಆಮೆಯ ಹಾಗೆ ಸ್ವಲ್ಪ ಹೊತ್ತು ಒದ್ದಾಡಿ, ಪ್ರಯೋಜನವಿಲ್ಲವೆಂದು ಜಪ ಶುರುಮಾಡಿದಳು. ಮಣಿಸರ ಗೂಟದ ಮೇಲಿತ್ತು, ಬೆರಳಲ್ಲೇ ಎಣಿಸಿದಳು. ನಡುನಡುವೆ ಚಾವಣಿಯ ಜೇಡರಬಲೆ ಕಂಡು, ಇದನ್ನು ಇಷ್ಟು ದಿನ ಹೇಗೆ ನೋಡಲಿಲ್ಲ ಎಂದು ತನ್ನನ್ನೇ ಬೈದುಕೊಂಡಳು.

ಜಪದ ಮೂರನೆಯ ಹತ್ತರ ಸುತ್ತು, ಅಂದರೆ ಮೂರನೆಯ ರಹಸ್ಯದಲ್ಲಿದ್ದಾಗ ಬಾಗಿಲು ಸರಿಯಿತು. ಬೆನೆದಿಕ್ತ ಫಲಕ ಸ್ವೀಕರಿಸುವ ತಾಲೀಮಿಗೆ ಕರೆಯಲು ಬಂದಿದ್ದಳು. ಎಲ್ಲಿ ನಿಲ್ಲಬೇಕು, ಎಷ್ಟು ಸಲ ಬಾಗಬೇಕು ಎಂದು ಚೀಟಿ ಬರೆದು ತಂದಿದ್ದಳು.

ಆಕೆ ಕಿರುಚಲಿಲ್ಲ. ಅಯ್ಯೋ ಎನ್ನಲಿಲ್ಲ. ಮೊದಲು ಬಾಗಿಲು ಮುಚ್ಚಿದಳು. ಆಮೇಲೆ ಬಂದು, ಗಂಟಿಗೆ ಕೈಹಾಕುವ ಮೊದಲೇ, ಮೊಣಕಾಲ ಮೇಲೆ ಸರಿದಿದ್ದ ಅಜ್ಜಿಯ ಲಂಗವನ್ನು ಪಾದದವರೆಗೂ ಎಳೆದು ಸರಿಮಾಡಿದಳು. ಅದನ್ನು ಅಜ್ಜಿ ಕೊನೆಯವರೆಗೂ ಮರೆಯಲಿಲ್ಲ.

"ಎಷ್ಟು ಹೊತ್ತಾಯ್ತು?" ಗಂಟು ಹಲ್ಲಿನಿಂದ ಕಚ್ಚಿ ಬಿಚ್ಚುತ್ತಾ ಬೆನೆದಿಕ್ತ ಕೇಳಿದಳು.

"ಎರಡು ರಹಸ್ಯ ಮುಗಿದಿತ್ತು."

"ಯಾಕಜ್ಜಿ ಈ ಬಾರ್ಲಿ? ನಿಜ ಹೇಳಿ."

ಎದ್ದು ಕೂತ ಅಜ್ಜಿ ತಲೆಗೂದಲು ಸರಿಮಾಡಿಕೊಂಡಳು. "ನನ್ನ ತೂಕ ಸಾಲೋದಿಲ್ಲ ಮಗಳೇ. ಮೂವತ್ತೊಂಬತ್ತು ಕಿಲೋ ಇದ್ದೀನಿ. ಮೊದಲು ನಾನೂ ಜೂಲಿಯಾನಳೂ ಕೈ ಕೈ ಹಿಡ್ಕೊಂಡು ತುಳೀತಿದ್ವಿ. ಈಗ ನಾನೊಬ್ಬಳೇ ಹತ್ತಿದ್ರೆ ಬಟ್ಟೆಗೆ ಗೊತ್ತೇ ಆಗಲ್ಲ, ಗುಬ್ಬಚ್ಚಿ ಕೂತಂಗೆ. ಯಾರಿಗಾದ್ರೂ ಹೇಳಿದ್ರೆ ಕೆಲಸ ಬಿಡು ಅಂತೀರಿ. ಬಿಟ್ಟು, ಆ ಫಲಕ ನೋಡ್ತಾ ಕೂತ್ಕೊಳ್ಳೋದಾ ನಾನು?"

ಬೆನೆದಿಕ್ತ ಬಾರ್ಲಿಯ ಮೂಟೆಯನ್ನು ನೋಡಿದಳು, ಸುತ್ತಿಟ್ಟ ಬಟ್ಟೆಯನ್ನು ನೋಡಿದಳು. ಕೈಯಲ್ಲಿದ್ದ ತಾಲೀಮಿನ ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಕೋಟಿನ ಜೇಬಿಗೆ ಹಾಕಿಕೊಂಡಳು.

"ಬಿಸಿನೀರು ಇದೆಯಾ?"

"ಯಾಕೆ?"

"ಕಾಲು ತೊಳ್ಕೋಬೇಕು."

ಬಿಳಿ ಕಾಲುಚೀಲ ಆಕೆಯ ಪಾದಕ್ಕೆ ಹಿಮ್ಮಡಿಯವರೆಗೂ ಬರಲಿಲ್ಲ. ಹಾಗೇ ಬರಿಗಾಲಲ್ಲಿ, ಕಣ್ಣು ಮುಚ್ಚಿಕೊಂಡು, ತುದಿಬೆರಳ ಮೇಲೆ ಹತ್ತಿದಳು. "ದೇವರೇ ಕ್ಷಮಿಸಪ್ಪಾ, ದೇವರೇ ಕ್ಷಮಿಸಪ್ಪಾ..."

"ಕ್ಷಮೆ ಆಮೇಲೆ ಕೇಳು. ಮೊದಲು ಹಿಮ್ಮಡಿ ಊರು. ಬೆಕ್ಕಿನ ಹಾಗೆ ನಡೀಬೇಡ. ನಡುವಿಂದ ಅಂಚಿಗೆ ಬಾ. ಹಾಂ... ಹಾಂ! ಅಲ್ಲೇ! ಅಯ್ಯೋ ನನ್ನಮ್ಮಾ, ಎಂಥ ಪಾದ ಕೊಟ್ಟಿದ್ದಾನೆ ನಿನಗೆ! ಎಷ್ಟು ತೂಕ ಇದ್ದೀಯ?"

"ಅದನ್ನ ನನ್ನ ಗಂಡನಿಗೂ ಹೇಳಿಲ್ಲ, ಸುಮ್ನಿರಿ."

"ಎಷ್ಟಾದ್ರೂ ಇರಲಿ, ಒಂದು ಕಿಲೋನೂ ವ್ಯರ್ಥ ಆಗಿಲ್ಲ."

ಬೆನೆದಿಕ್ತ ತುಳಿಯುವುದನ್ನು ನಿಲ್ಲಿಸಿ ಅಜ್ಜಿಯನ್ನು ದಿಟ್ಟಿಸಿದಳು. ತನ್ನ ಮೈಯ ಬಗ್ಗೆ ಜನ ಬಗೆಬಗೆಯ ಮಾತಾಡಿದ್ದನ್ನು ಆಕೆ ಕೇಳಿದ್ದಳು, ಇಂಥದ್ದನ್ನು ಕೇಳಿರಲಿಲ್ಲ. ಹುಡುಗಾಟವಲ್ಲವೆಂದು ಖಾತ್ರಿಯಾದ ಮೇಲೆ ಮುಖ ಕೆಂಪಾಯಿತು. ಮತ್ತೆ ತುಳಿಯತೊಡಗಿದಳು, ಈ ಸಲ ಕಣ್ಣು ಬಿಟ್ಟುಕೊಂಡು.

ಅರ್ಧ ದಿನದ ಕೆಲಸ ಅರ್ಧ ಗಂಟೆಯಲ್ಲಿ ಮುಗಿಯಿತು. ಹಾಸು ಬಿಚ್ಚಿದಾಗ ಬಟ್ಟೆ ಬೆಳಗಿನ ಕೊಳದ ಹಾಗಿತ್ತು. ಅಜ್ಜಿ ಎಡತುದಿಯ ಮೇಲೆ ಅಂಗೈ ಆಡಿಸಿದಳು, ಮತ್ತೆ ಆಡಿಸಿದಳು. ಏನೂ ಸಿಗಲಿಲ್ಲ. ಮಧ್ಯಾಹ್ನ ಇಬ್ಬರೂ ಎದುರುಬದುರು ಕೂತು ಕೋಲಿನಿಂದ ಬಡಿದರು. ಬೆನೆದಿಕ್ತಳ ತಾಳ ಎಷ್ಟು ಕೆಟ್ಟದಾಗಿತ್ತೆಂದರೆ, ಮನೆ ರಿಪೇರಿ ನಡೀತಿದೆಯಾ ಎಂದು ಸಿಸಿಲಿಯಾ ಟೀಚರು ಗೋಡೆಯಾಚೆಯಿಂದ ಕೂಗಿ ಕೇಳಿದರು.

ಸಂಜೆ ಹೊರಡುವಾಗ ಬೆನೆದಿಕ್ತ ಬಾಗಿಲಲ್ಲಿ ನಿಂತು, "ಫಲಕ ಬಂದಾಗಿದೆ ಅಜ್ಜಿ. ಪಟ್ಟಿಯಲ್ಲಿ ಅಚ್ಚಾಗಿದೆ. ಏನು ಮಾಡೋದು ಈಗ?" ಎಂದಳು.

"ಏನು ಮಾಡೋಕಾಗುತ್ತೆ? ತಗೊಳ್ತೀನಿ" ಎಂದಳು ಅಜ್ಜಿ. ಬಡಿಯುವ ಕೋಲುಗಳನ್ನು ಮೂಲೆಗೆ ಎತ್ತಿಟ್ಟಳು.

ಬಿಷಪ್ಪರ ದಿನ ಪೂಜೆ ಸಾಂಗವಾಗಿ ನಡೆಯಿತು. ಬಿಷಪ್ಪರು ಪೀಠಕ್ಕೆ ಮುತ್ತಿಡಲು ಬಾಗಿದವರು ಏಳುವುದಕ್ಕೆ ಒಂದು ಕ್ಷಣ ಹೆಚ್ಚು ತೆಗೆದುಕೊಂಡರು. ಬೆರಳ ತುದಿಯಿಂದ ಬಟ್ಟೆಯ ಅಂಚನ್ನು ನೇವರಿಸಿದರು. ಫಾದರ್ ತಾಕ್ ಅವರ ಕತ್ತು ನೆಟ್ಟಗಿತ್ತು.

ಊಟ ಸಭಾಕೋಣೆಯ ನೆಲದ ಮೇಲೆ. ಗೋಮಾಂಸದ ಸಾರು, ನಾಲ್ಕು ಬಗೆಯ ಕಿಮ್ಚಿ ಉಪ್ಪಿನಕಾಯಿ, ಸೋಯಾಪುಡಿ ಹೊರಳಿಸಿದ ಅಕ್ಕಿಕಡುಬು. ಅಜ್ಜಿ ಯಾವುದಕ್ಕೂ ಕೈ ಹಾಕಲಿಲ್ಲ. ಸಾರು ಕುಡಿಯುವ ನೆಪದಲ್ಲಿ ತಲೆ ಎತ್ತಿದಾಗ ಒಂದು ವಿಚಿತ್ರ ಕಂಡಿತು: ಎದುರಿನ ಸಾಲಿನಲ್ಲಿ ಬೆನೆದಿಕ್ತ ಬಿಷಪ್ಪರಿಗಿಂತ ಒಂದು ಗೇಣು ಎತ್ತರ ಕೂತಿದ್ದಳು. ಹಬ್ಬದ ಲಂಗವನ್ನು ಸುತ್ತ ಕೊಡೆಯ ಹಾಗೆ ಹರಡಿಕೊಂಡಿದ್ದಳು. ಕಡುಬಿನ ತಟ್ಟೆ ಬಂದರೂ ಕೈ ಚಾಚಲಿಲ್ಲ, ಅಲುಗಾಡಲೂ ಇಲ್ಲ.

ಫಾದರ್ ತಾಕ್ ಎದ್ದು ಪಟ್ಟಿ ನೋಡಿ, "ಮುಂದಿನ ಕಾರ್ಯಕ್ರಮ, ಗೊಲುಂಬಾ ಅವರಿಗೆ ಫಲಕ ಪ್ರದಾನ" ಎಂದರು. ಅಜ್ಜಿ ನೆಲಕ್ಕೆ ಕೈಯೂರಿ ಏಳಹೊರಟಳು.

"ಫಲಕ ಬಂದಿಲ್ಲ ಬಿಷಪ್ಪನವರೇ" ಎಂದಳು ಬೆನೆದಿಕ್ತ.

ಫಾದರ್ ತಾಕ್ ಬಾಯಿ ತೆರೆದರು. ಅಂದು ಬೆಳಗ್ಗೆ ಆ ಫಲಕದ ಗೇಣೆತ್ತರದ ಪೆಟ್ಟಿಗೆಯನ್ನು ಆಫೀಸಿನ ಮೇಜಿನಿಂದ ಕಿಟಕಿಯ ಹತ್ತಿರ ಎತ್ತಿಟ್ಟವರು ಅವರೇ. ಅವರು ಬೆನೆದಿಕ್ತಳನ್ನು ನೋಡಿದರು, ಆಕೆಯ ಎತ್ತರ ನೋಡಿದರು, ಹರಡಿದ ಲಂಗ ನೋಡಿದರು. ಕೊನೆಗೆ, ಅರ್ಧ ಎದ್ದು ನಿಂತಿದ್ದ ಮುದುಕಿಯ ಮುಖ ನೋಡಿದರು.

"ಹೌದು, ಅದು... ಅರಗು ಒಣಗಿಲ್ಲವಂತೆ" ಎಂದರು.

"ಎಷ್ಟು ದಿನ ಬೇಕಂತೆ?" ಬಿಷಪ್ಪರು ಕಡುಬು ಅಗಿಯುತ್ತಾ ಕೇಳಿದರು.

"ಚಳಿಗಾಲದಲ್ಲಿ ಬಹಳ ನಿಧಾನವಂತೆ ಬಿಷಪ್ಪನವರೇ" ಎಂದಳು ಬೆನೆದಿಕ್ತ.

"ಒಣಗಲಿ, ಒಣಗಲಿ. ಅವಸರ ಮಾಡಿದರೆ ಬಿರುಕು ಬಿಡುತ್ತೆ" ಎಂದು ಬಿಷಪ್ಪರು ಇನ್ನೊಂದು ಕಡುಬು ತೆಗೆದುಕೊಂಡರು.

ಅಜ್ಜಿ ನಿಧಾನವಾಗಿ ಕೂತಳು. ಯಾಕೋ ತುಂಬ ಹಸಿವಾಗಿತ್ತು. ಸಾರು ಮುಗಿಸಿ ಇನ್ನೊಂದು ಬಟ್ಟಲು ಕೇಳಿದಳು.

ಮುಂದಿನ ಮಂಗಳವಾರ ಬೆನೆದಿಕ್ತ ಸ್ವಂತ ಕಾಲುಚೀಲ ತಂದಿದ್ದಳು. ತುಳಿಯಲು ಹತ್ತಿ ನಡುವಿಂದ ಅಂಚಿಗೆ ಎರಡು ಸುತ್ತು ಬಂದಳು. ಕೊನೆಗೆ ತಡೆಯಲಾರದೆ, "ನಿನ್ನೆ ಪಾಪನಿವೇದನೆಗೆ ಹೋಗಿದ್ದೆ ಅಜ್ಜಿ. ಬಿಷಪ್ಪರಿಗೆ ಸುಳ್ಳು ಹೇಳಿದೆ ಅಂತ ಒಪ್ಪಿಕೊಂಡೆ" ಎಂದಳು.

"ಫಾದರ್ ಏನಂದ್ರು?"

"ಜಾಲರಿಯ ಆ ಕಡೆಯಿಂದ ಸದ್ದೇ ಇಲ್ಲ. ನಿದ್ದೆ ಹೋದ್ರೇನೋ ಅಂದ್ಕೊಂಡೆ. ಆಮೇಲೆ ನಿಟ್ಟುಸಿರು ಬಿಟ್ಟು, 'ನಾನು ನಾಳಿದ್ದು ಪಕ್ಕದ ಊರಿನ ಗುರುಗಳ ಹತ್ತಿರ ಹೋಗ್ತಾ ಇದ್ದೀನಿ, ಇದೇ ವಿಷಯಕ್ಕೆ' ಅಂದ್ರು."

"ನಿನಗೆ ಪ್ರಾಯಶ್ಚಿತ್ತ ಏನು ಕೊಟ್ರು?"

"ಹತ್ತು ನಮೋ ಮರಿಯ ಜಪ. ಅದರ ಜೊತೆಗೆ, ಪ್ರತಿ ಮಂಗಳವಾರ ನಿಮ್ಮ ಹತ್ತಿರ ಬಂದು ತುಳಿಯೋದು, ಕಲಿಯೋದು."

"ಎಷ್ಟು ದಿನ ಅಂತ?"

"ಹೇಳ್ಲಿಲ್ಲ. ನಾನೂ ಕೇಳೋಕೆ ಹೋಗ್ಲಿಲ್ಲ."

ಅಜ್ಜಿ ಕಿಟಕಿಯ ಕಡೆ ತಿರುಗಿ ಮೂಗು ಒರೆಸಿಕೊಂಡಳು. ಆಮೇಲೆ ಬೆನೆದಿಕ್ತಳ ಪಾದದ ಕಡೆ ಬಾಗಿದಳು.

"ಹಾಗಾದ್ರೆ ಸರಿಯಾಗೇ ಕಲಿ. ಎಡಗಾಲು ಸುಮ್ನೆ ಸವಾರಿ ಮಾಡ್ತಿದೆ ನೋಡು. ಅದಕ್ಕೂ ಸ್ವಲ್ಪ ಕೆಲಸ ಕೊಡು."